ಕೃಷಿ ಬಳಕೆಯ ಸಣ್ಣ ಎಂಜಿನ್‌ಗಳ ಇಂಧನ ಹಾಗೂ ಆಯಿಲ್ ಪೈಪುಗಳು – ಬದಲಿ ಪೈಪಿನ ಆಯ್ಕೆ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಕೊಪ್ಪಳ ತಾಲ್ಲೂಕಿನ ಅಳವಂಡಿ ಹೋಬಳಿಯು ಬಹುಪಾಲು ಕಪ್ಪು ಭೂಮಿಯ, ಮಳೆಯಾಶ್ರಿತ ಪ್ರದೇಶವಾಗಿದೆ. ಹಿಂಗಾರಿನಲ್ಲಿ ಜೋಳ ಹಾಗೂ ಕಡಲೆ ಇಲ್ಲಿಯ ಮುಖ್ಯ ಬೆಳೆಗಳಾಗಿರುತ್ತವೆ. ಕೂಲಿ ಆಳುಗಳ ಕೊರತೆಯಿಂದಾಗಿ ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಪವರ್ ವೀಡರ್, ಪವರ್ ಟಿಲ್ಲರ್ ಹಾಗೂ ಡೀಸೆಲ್ ಪಂಪ್‌ಸೆಟ್‌ಗಳ ಬಳಕೆಯು ಸಣ್ಣ ಹಿಡುವಳಿದಾರರಲ್ಲಿಯೂ ಸಾಮಾನ್ಯವಾಗಿದೆ.

ಸದರಿ ಯಂತ್ರಗಳಲ್ಲಿ ಮೊದಲು ಹಾಳಾಗುವ ಭಾಗಗಳಲ್ಲಿ ಇಂಧನದ ಪೈಪು ಒಂದು. ಬೆಲೆಯಲ್ಲಿ ಇದು ಅತಿ ಚಿಕ್ಕ ಭಾಗವಾಗಿರುವುದರಿಂದ, ಹಾಳಾದಾಗ ಕೈಗೆ ಸಿಕ್ಕ ಪೈಪನ್ನು ಸಿಕ್ಕಿಸಿ ಕೆಲಸ ಮುಂದುವರಿಸುವುದು ವಾಡಿಕೆ. ಆದರೆ ಬೆನ್ನ ಮೇಲಿನ ಸ್ಪ್ರೇಯರ್‌ನಲ್ಲಿ ಪೆಟ್ರೋಲ್ ಸೋರಿದರೆ ಅದು ಬಿಸಿ ಸೈಲೆನ್ಸರ್‌ನ ಪಕ್ಕದಲ್ಲಿ, ಮನುಷ್ಯನ ಮೈಗೆ ತಾಗಿಕೊಂಡೇ ಸೋರುತ್ತದೆ. ಆದಕಾರಣ ಬದಲಿ ಪೈಪಿನ ಆಯ್ಕೆಯು ರಿಪೇರಿಯ ವಿಷಯ ಮಾತ್ರವಲ್ಲದೆ ಜೀವರಕ್ಷಣೆಯ ವಿಷಯವೂ ಆಗಿರುತ್ತದೆ.

ಈ ಪುಟದ ಮುಖ್ಯಾಂಶ ಇಷ್ಟೇ: ಪೈಪು ನಿಪ್ಪಲ್‌ಗೆ ಕೂರುತ್ತದೆ ಎಂಬುದು ಸಾಲದು. ಅದರೊಳಗೆ ಹರಿಯುವ ದ್ರವ ಯಾವುದು, ಒತ್ತಡ ಎಷ್ಟು, ಬಿಸಿ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ನಂತರವೇ ಪೈಪನ್ನು ಖರೀದಿಸತಕ್ಕದ್ದು.

1. ಯಾವ ಯಂತ್ರದಲ್ಲಿ ಯಾವ ಪೈಪು ಇರುತ್ತದೆ

ಅ) ಪವರ್ ಸ್ಪ್ರೇಯರ್ ಹಾಗೂ ಕಳೆ ಕತ್ತರಿಸುವ ಯಂತ್ರ: ಇವುಗಳಲ್ಲಿ ಪೆಟ್ರೋಲ್, ಅಥವಾ ಎರಡು ಸ್ಟ್ರೋಕ್ ಎಂಜಿನ್ ಆಗಿದ್ದಲ್ಲಿ ಪೆಟ್ರೋಲ್ ಮತ್ತು ಆಯಿಲ್ ಮಿಶ್ರಣ ಹರಿಯುತ್ತದೆ. ಕೈಯಿಂದ ಒತ್ತುವ ಪ್ರೈಮರ್ ಗುಂಡಿ ಇರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ತೆಳು ಪೈಪುಗಳಿರುತ್ತವೆ. ಒಂದು ಟ್ಯಾಂಕಿನೊಳಗಿನ ಫಿಲ್ಟರ್‌ನಿಂದ ಕಾರ್ಬುರೇಟರ್‌ಗೆ ಇಂಧನವನ್ನು ಎಳೆಯುತ್ತದೆ. ಇನ್ನೊಂದು ಹೆಚ್ಚಾದ ಇಂಧನವನ್ನು ಟ್ಯಾಂಕಿಗೆ ಮರಳಿಸುತ್ತದೆ. ಎರಡರ ಅಳತೆ ಬೇರೆ ಬೇರೆಯಾಗಿರಬಹುದು.

ಆ) ಪೆಟ್ರೋಲ್ ಪಂಪ್‌ಸೆಟ್ ಹಾಗೂ ಪವರ್ ವೀಡರ್: ಟ್ಯಾಂಕು ಮೇಲಿದ್ದು, ಇಂಧನವು ತನ್ನ ಭಾರದಿಂದಲೇ ಕಾಕ್ ಮೂಲಕ ಕಾರ್ಬುರೇಟರ್‌ಗೆ ಇಳಿಯುತ್ತದೆ. ಒತ್ತಡ ಅತ್ಯಲ್ಪ.

ಇ) ಡೀಸೆಲ್ ಪಂಪ್‌ಸೆಟ್ ಹಾಗೂ ಪವರ್ ಟಿಲ್ಲರ್: ಇಲ್ಲಿ ಮೂರು ಬಗೆಯ ಇಂಧನ ಪೈಪುಗಳಿರುತ್ತವೆ. ಟ್ಯಾಂಕಿನಿಂದ ಫಿಲ್ಟರ್ ಮೂಲಕ ಡೀಸೆಲ್ ಪಂಪಿನವರೆಗಿನ ಕಡಿಮೆ ಒತ್ತಡದ ಪೈಪು. ಡೀಸೆಲ್ ಪಂಪಿನಿಂದ ನಾಜಲ್‌ವರೆಗಿನ ಅಧಿಕ ಒತ್ತಡದ ಉಕ್ಕಿನ ಪೈಪು. ನಾಜಲ್‌ನಿಂದ ಉಳಿಕೆ ಡೀಸೆಲನ್ನು ಮರಳಿಸುವ ತೆಳು ಪೈಪು. ಇವುಗಳ ಜೊತೆಗೆ ಹಲವು ಎಂಜಿನ್‌ಗಳಲ್ಲಿ ಆಯಿಲ್ ಪೈಪು ಪ್ರತ್ಯೇಕವಾಗಿರುತ್ತದೆ.

2. ಪೈಪು ಬದಲಾಯಿಸಬೇಕಾದ ಲಕ್ಷಣಗಳು

ಕೆಳಕಂಡ ಯಾವುದೇ ಒಂದು ಲಕ್ಷಣ ಕಂಡುಬಂದಲ್ಲಿ ಪೈಪನ್ನು ಬದಲಾಯಿಸತಕ್ಕದ್ದು:
- ಎಂಜಿನ್ ನಿಂತಿರುವಾಗಲೂ ಪೆಟ್ರೋಲ್ ವಾಸನೆ ಬರುವುದು.
- ಪೈಪಿನ ಒಂದೇ ಜಾಗದಲ್ಲಿ ಧೂಳು ಒದ್ದೆಯಾಗಿ ಮೆತ್ತಿಕೊಂಡಿರುವುದು. ಸೋರಿಕೆಗೆ ಇದು ಸುಲಭವಾಗಿ ಕಾಣುವ ಗುರುತು.
- ಬಾಗಿಸಿದಾಗ ಹೊರಮೈಯಲ್ಲಿ ಸಣ್ಣ ಬಿರುಕು ಕಾಣುವುದು, ಅಥವಾ ಬಾಗದಷ್ಟು ಗಟ್ಟಿಯಾಗಿರುವುದು.
- ಪೈಪು ಮೆತ್ತಗಾಗಿ ಉಬ್ಬಿರುವುದು. ನಿಪ್ಪಲ್‌ನಿಂದ ಸಲೀಸಾಗಿ ಜಾರಿ ಬರುವುದು.
- ಫಿಲ್ಟರ್‌ನಲ್ಲಿ ಕಪ್ಪು ಚೂರುಗಳು ಕಾಣುವುದು. ಇದು ಪೈಪು ಒಳಗಿನಿಂದ ಉದುರುತ್ತಿರುವುದನ್ನು ಸೂಚಿಸಬಹುದು.
- ಟ್ಯಾಂಕಿನಲ್ಲಿ ಇಂಧನವಿದ್ದರೂ ಎಂಜಿನ್ ಕೆಲ ನಿಮಿಷ ಓಡಿ ನಿಲ್ಲುವುದು. ಡೀಸೆಲ್ ಎಂಜಿನ್‌ನಲ್ಲಿ ಪದೇ ಪದೇ ಗಾಳಿ ಹಿಡಿಯುವುದು.
- ಶೆಡ್ಡಿನಲ್ಲಿಟ್ಟ ಯಂತ್ರದ ಪೈಪಿನ ಮೇಲೆ ಇಲಿ ಕಡಿದ ಗುರುತು ಇರುವುದು.

ಸೋರುವ ಜಾಗಕ್ಕೆ ಬಟ್ಟೆ, ಸೈಕಲ್ ಟ್ಯೂಬಿನ ಪಟ್ಟಿ, ಟೇಪು ಸುತ್ತುವುದು ಅಥವಾ ಅಂಟು ಮೆತ್ತುವುದು ದುರಸ್ತಿಯಲ್ಲ. ಅದು ಸೋರಿಕೆಯನ್ನು ಕಣ್ಣಿಗೆ ಕಾಣದಂತೆ ಮುಚ್ಚುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

3. ಯಾವ ಪೈಪುಗಳನ್ನು ಬಳಸಬಾರದು

ಅ) ಸಲಾಯಿನ್ ಪೈಪು ಹಾಗೂ ಪಾರದರ್ಶಕ ಲೆವೆಲ್ ಪೈಪು: ಸ್ಪ್ರೇಯರ್‌ನ ನಿಪ್ಪಲ್‌ಗೆ ಇವು ಚೆನ್ನಾಗಿಯೇ ಕೂರುತ್ತವೆ. ಇಂಧನ ಹರಿಯುವುದೂ ಕಾಣುತ್ತದೆ. ಆದರೆ ಪ್ಲಾಸ್ಟಿಕ್ಕನ್ನು ಮೆದುವಾಗಿಡುವ ಅಂಶವನ್ನು ಪೆಟ್ರೋಲ್ ಕರಗಿಸಿಕೊಂಡು ಹೋಗುತ್ತದೆ. ಬರುಬರುತ್ತಾ ಪೈಪು ಗಟ್ಟಿಯಾಗಿ, ಕುಗ್ಗಿ, ನಿಪ್ಪಲ್‌ನ ಬಳಿ ಸೀಳುತ್ತದೆ. ಬಳಸಿದ ಸಲಾಯಿನ್ ಪೈಪು ಆಸ್ಪತ್ರೆಯ ತ್ಯಾಜ್ಯವಾಗಿದ್ದು, ಅದನ್ನು ಮುಟ್ಟುವುದೇ ಅಪಾಯಕರ.

ಆ) ಸೈಕಲ್ ಟ್ಯೂಬು ಹಾಗೂ ಸಾಮಾನ್ಯ ರಬ್ಬರ್ ಪೈಪು: ಪೆಟ್ರೋಲ್ ಮತ್ತು ಡೀಸೆಲ್ ತಾಗಿದಲ್ಲಿ ಇವು ಉಬ್ಬಿ ಜಿಗುಟಾಗುತ್ತವೆ.

ಇ) ನೀರಿನ ಹಾಗೂ ರೇಡಿಯೇಟರ್ ಪೈಪು: ಬಿಸಿ ನೀರನ್ನು ವರ್ಷಗಟ್ಟಲೆ ತಾಳುವ ಇ.ಪಿ.ಡಿ.ಎಂ. ರಬ್ಬರ್ ಪೆಟ್ರೋಲ್, ಡೀಸೆಲ್ ಹಾಗೂ ಎಂಜಿನ್ ಆಯಿಲನ್ನು ತಾಳುವುದಿಲ್ಲ. ಗಟ್ಟಿಮುಟ್ಟಾಗಿ ಕಾಣುವ ಕಾರಣಕ್ಕೆ ಇದನ್ನು ಆರಿಸಬಾರದು.

ಈ) ಸಾಮಾನ್ಯ ಸಿಲಿಕೋನ್ ಪೈಪು: ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಪೆಟ್ರೋಲನ್ನು ತಾಳುವುದಿಲ್ಲ.

ಉ) ಜಿ.ಐ. ಪೈಪು ಹಾಗೂ ಜಿ.ಐ. ಜೋಡಣೆಗಳು: ಸತುವಿನ ಲೇಪನವು ಡೀಸೆಲ್‌ನೊಂದಿಗೆ ವರ್ತಿಸಿ ಫಿಲ್ಟರ್ ಹಾಗೂ ನಾಜಲ್ ಕಟ್ಟಿಕೊಳ್ಳಲು ಕಾರಣವಾಗುವುದರಿಂದ ಡೀಸೆಲ್ ಮಾರ್ಗದಲ್ಲಿ ಇವು ಸಲ್ಲದು.

4. ಎಥೆನಾಲ್ ಮಿಶ್ರಿತ ಪೆಟ್ರೋಲ್ – ವಿಶೇಷ ಗಮನಕ್ಕೆ

ಎಥೆನಾಲ್ ಮಿಶ್ರಿತ ಪೆಟ್ರೋಲ್ ಕಾರ್ಯಕ್ರಮವು ಜನವರಿ 2003 ರಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಶೇ. 5 ರ ಮಿಶ್ರಣದೊಂದಿಗೆ ಪ್ರಾರಂಭವಾಯಿತು. ಜೂನ್ 2022 ರಲ್ಲಿ ದೇಶದ ಸರಾಸರಿ ಶೇ. 10 ತಲುಪಿತು. ಶೇ. 20 ಎಥೆನಾಲ್ ಇರುವ ಇ-20 ಪೆಟ್ರೋಲ್‌ನ ಮಾರಾಟಕ್ಕೆ ಫೆಬ್ರವರಿ 2023 ರಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. 2025 ರ ವೇಳೆಗೆ ಶೇ. 20 ರ ಗುರಿಯನ್ನು ತಲುಪಲಾಗಿದೆ. ಹೀಗಾಗಿ ಇಂದು ಬಂಕಿನಿಂದ ಕ್ಯಾನಿನಲ್ಲಿ ತರುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಎಥೆನಾಲ್ ಇದೆ ಎಂದೇ ತಿಳಿದು ಪೈಪನ್ನು ಆರಿಸುವುದು ಕ್ಷೇಮ.

ಇದರಿಂದ ಸಣ್ಣ ಎಂಜಿನ್‌ಗಳಿಗೆ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ಹಳೆಯ ಯಂತ್ರಗಳಲ್ಲಿನ ಕೆಲವು ಬಗೆಯ ರಬ್ಬರ್ ಪೈಪು, ವಾಷರ್ ಹಾಗೂ ಕಾರ್ಬುರೇಟರ್ ಪರದೆಗಳು ಎಥೆನಾಲ್‌ನಿಂದ ಬೇಗನೆ ಉಬ್ಬುತ್ತವೆ ಅಥವಾ ಗಟ್ಟಿಯಾಗುತ್ತವೆ. ಎರಡನೆಯದಾಗಿ, ಎಥೆನಾಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಮಿತಿಮೀರಿದಾಗ ಎಥೆನಾಲ್ ಮತ್ತು ನೀರು ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಫಿಲ್ಟರ್ ಇರುವುದೂ ತಳದಲ್ಲಿಯೇ.

ಹಲವು ವರ್ಷಗಳ ಹಿಂದೆ ಖರೀದಿಸಿದ ಸ್ಪ್ರೇಯರ್ ಇದ್ದಲ್ಲಿ, ಯಂತ್ರದ ಕೈಪಿಡಿಯಲ್ಲಿ ಎಷ್ಟು ಶೇಕಡಾ ಎಥೆನಾಲ್‌ಗೆ ಅನುಮತಿ ಇದೆ ಎಂಬುದನ್ನು ನೋಡತಕ್ಕದ್ದು. ಕೈಪಿಡಿ ಇಲ್ಲದಿದ್ದಲ್ಲಿ ಅಧಿಕೃತ ಮಾರಾಟಗಾರರಲ್ಲಿ ವಿಚಾರಿಸತಕ್ಕದ್ದು. ಪೈಪು ಬದಲಾಯಿಸುವಾಗ ಇ-20 ಗೆ ಸೂಕ್ತವೆಂದು ತಯಾರಕರು ತಿಳಿಸಿರುವ ಪೈಪನ್ನೇ ಕೇಳಿ ಪಡೆಯಲು ಕೋರಲಾಗಿದೆ. ಪೈಪನ್ನು ಮಾತ್ರ ಬದಲಾಯಿಸಿದರೆ ವಾಷರ್ ಹಾಗೂ ಪರದೆಗಳು ಹಳೆಯವೇ ಉಳಿಯುತ್ತವೆ ಎಂಬುದನ್ನೂ ಗಮನದಲ್ಲಿಡುವುದು. ಒಂದು ತಿಂಗಳಿಗೂ ಹೆಚ್ಚು ಕಾಲ ಯಂತ್ರವನ್ನು ಬಳಸದಿದ್ದಲ್ಲಿ ಟ್ಯಾಂಕನ್ನು ಖಾಲಿ ಮಾಡಿ, ಕಾರ್ಬುರೇಟರ್‌ನಲ್ಲಿ ಉಳಿದ ಇಂಧನ ಮುಗಿಯುವವರೆಗೆ ಎಂಜಿನ್ ಓಡಿಸಿ ಇಡುವುದು ಒಳ್ಳೆಯದು.

5. ಸೂಕ್ತ ಪೈಪಿನ ವಸ್ತು ಮತ್ತು ಗುರುತು

ಅ) ನೈಟ್ರೈಲ್ ರಬ್ಬರ್: ಡೀಸೆಲ್ ಹಾಗೂ ಎಂಜಿನ್ ಆಯಿಲ್‌ಗೆ ಸಾಮಾನ್ಯವಾಗಿ ಬಳಸುವ ವಸ್ತು. ಪೆಟ್ರೋಲ್‌ಗೂ ಬಳಕೆಯಲ್ಲಿದೆ. ಇ-20 ಗೆ ಬಳಸುವುದಾದರೆ ತಯಾರಕರ ಖಾತರಿ ಅವಶ್ಯ.

ಆ) ಫ್ಲೋರೋ ರಬ್ಬರ್ ಒಳಪದರದ ಪೈಪು: ಎಥೆನಾಲ್ ಹಾಗೂ ಬಿಸಿ ಎರಡನ್ನೂ ಹೆಚ್ಚು ತಾಳುತ್ತದೆ. ಬೆಲೆಯೂ ಹೆಚ್ಚು.

ಇ) ಇಂಧನಕ್ಕೆಂದೇ ತಯಾರಾದ ಪಾರದರ್ಶಕ ಪೈಪು: ಎರಡು ಸ್ಟ್ರೋಕ್ ಯಂತ್ರಗಳಲ್ಲಿ ಹಳದಿ ಬಣ್ಣದ ಇಂತಹ ಪೈಪು ಬಳಕೆಯಲ್ಲಿದೆ. ಬಣ್ಣ ಒಂದೇ ಗುಣಮಟ್ಟದ ಪುರಾವೆಯಲ್ಲ. ಹಳದಿ ಬಣ್ಣದ ಸಾಮಾನ್ಯ ಪ್ಲಾಸ್ಟಿಕ್ ಪೈಪೂ ದೊರೆಯುತ್ತದೆ.

ಉತ್ತಮ ಇಂಧನ ಪೈಪಿನ ಹೊರಮೈಯ ಉದ್ದಕ್ಕೂ ತಯಾರಕರ ಹೆಸರು, ಒಳ ಅಳತೆ ಹಾಗೂ ದರ್ಜೆಯನ್ನು ಮುದ್ರಿಸಲಾಗಿರುತ್ತದೆ. ಎಸ್.ಎ.ಇ. ಜೆ-30 ಎಂಬ ಗುರುತಿನ ಪೈಪುಗಳಲ್ಲಿ ಆರ್-6 ಹಾಗೂ ಆರ್-7 ದರ್ಜೆಗಳು ಕಾರ್ಬುರೇಟರ್ ಎಂಜಿನ್‌ನಂತಹ ಕಡಿಮೆ ಒತ್ತಡದ ಮಾರ್ಗಕ್ಕೆ ಮೀಸಲು. ಆರ್-9 ದರ್ಜೆಯು ಇನ್ನೂ ಹೆಚ್ಚಿನ ಒತ್ತಡ ತಾಳುವುದಾಗಿದೆ. ಯಾವ ಮುದ್ರಣವೂ ಇಲ್ಲದ ಸುರುಳಿಯಿಂದ ಕತ್ತರಿಸಿ ಕೊಡುವ ಕಪ್ಪು ಪೈಪನ್ನು ಪೆಟ್ರೋಲ್‌ಗೆ ಬಳಸದಿರುವುದು ಕ್ಷೇಮ. ಸ್ಪ್ರೇಯರ್‌ನ ತೀರಾ ತೆಳು ಪೈಪುಗಳ ಮೇಲೆ ಮುದ್ರಣ ಇರದಿರುವುದುಂಟು. ಅಂತಹ ಸಂದರ್ಭದಲ್ಲಿ ಯಂತ್ರ ತಯಾರಕರ ಪೊಟ್ಟಣದಲ್ಲಿ ಬರುವ ಬಿಡಿಭಾಗವನ್ನೇ ಪಡೆಯತಕ್ಕದ್ದು.

6. ಅಳತೆ ತೆಗೆದುಕೊಳ್ಳುವ ವಿಧಾನ

ಪೈಪನ್ನು ಒಳ ವ್ಯಾಸದಿಂದ ಗುರುತಿಸಲಾಗುತ್ತದೆ. ಹಳೆಯ ಪೈಪು ಉಬ್ಬಿ ಅಥವಾ ಕುಗ್ಗಿರುವುದರಿಂದ ಅದರ ಅಳತೆಯನ್ನು ನಂಬುವಂತಿಲ್ಲ. ಪೈಪು ಕೂರುವ ನಿಪ್ಪಲ್‌ನ ಹೊರ ಅಳತೆಯನ್ನು ಕ್ಯಾಲಿಪರ್‌ನಿಂದ ತೆಗೆದು, ಅದಕ್ಕಿಂತ ಸ್ವಲ್ಪ ಕಡಿಮೆ ಒಳ ವ್ಯಾಸದ ಪೈಪನ್ನು ಆರಿಸಬೇಕು. ಪೈಪು ಬಿಗಿಯಾಗಿ, ಆದರೆ ಸೀಳದಂತೆ ಏರಬೇಕು.

ಅಂಗಡಿಗಳಲ್ಲಿ ಇಂಚು ಹಾಗೂ ಮಿ.ಮೀ. ಎರಡೂ ಅಳತೆಗಳು ರೂಢಿಯಲ್ಲಿರುವುದರಿಂದ ಈ ಕೆಳಗಿನ ಕೋಷ್ಟಕವನ್ನು ನೀಡಲಾಗಿದೆ:
- 1/8 ಇಂಚು = 3.2 ಮಿ.ಮೀ.
- 3/16 ಇಂಚು = 4.8 ಮಿ.ಮೀ.
- 1/4 ಇಂಚು = 6.4 ಮಿ.ಮೀ.
- 5/16 ಇಂಚು = 7.9 ಮಿ.ಮೀ.
- 3/8 ಇಂಚು = 9.5 ಮಿ.ಮೀ.

ಅಳವಂಡಿಯಿಂದ ಬಿಡಿಭಾಗಕ್ಕಾಗಿ ಕೊಪ್ಪಳ, ಮುಂಡರಗಿ ಅಥವಾ ಗದಗಕ್ಕೆ ಹೋಗುವವರು ಹಳೆಯ ಪೈಪನ್ನು ಪೂರ್ಣ ಉದ್ದದಲ್ಲಿ ಜೊತೆಗೆ ಒಯ್ಯುವುದಲ್ಲದೆ, ನಿಪ್ಪಲ್‌ನ ಅಳತೆ ಹಾಗೂ ಯಂತ್ರದ ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದಲ್ಲಿ ಎರಡನೇ ಬಾರಿ ಹೋಗುವ ಖರ್ಚು ತಪ್ಪುತ್ತದೆ. ಟ್ಯಾಂಕಿನ ಗೋಡೆಯ ಮೂಲಕ ಹಾದುಹೋಗುವ ಪೈಪಾಗಿದ್ದಲ್ಲಿ ಹೊರ ವ್ಯಾಸವೂ ಮುಖ್ಯ. ಅಲ್ಲಿಯ ರಬ್ಬರ್ ಬಿರಡೆಯನ್ನೂ ಜೊತೆಗೇ ಬದಲಾಯಿಸುವುದು ಸೂಕ್ತ.

7. ಡೀಸೆಲ್ ಎಂಜಿನ್‌ನ ಅಧಿಕ ಒತ್ತಡದ ಪೈಪು – ಎಚ್ಚರಿಕೆ

ಡೀಸೆಲ್ ಪಂಪಿನಿಂದ ನಾಜಲ್‌ಗೆ ಹೋಗುವ ಉಕ್ಕಿನ ಪೈಪಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ 100 ಕಿ.ಗ್ರಾಂ.ಗೂ ಹೆಚ್ಚಿನ ಒತ್ತಡವಿರುತ್ತದೆ. ಮೋಟಾರ್ ಸೈಕಲ್ ಟೈರಿನ ಗಾಳಿಯ ಒತ್ತಡ ಸುಮಾರು 2 ಕಿ.ಗ್ರಾಂ. ಮಾತ್ರ ಎಂಬುದರಿಂದ ಇದರ ಬಲವನ್ನು ಊಹಿಸಬಹುದು. ಆದುದರಿಂದ:
- ಈ ಜಾಗದಲ್ಲಿ ಯಾವುದೇ ರಬ್ಬರ್, ಪ್ಲಾಸ್ಟಿಕ್ ಅಥವಾ ತಾಮ್ರದ ಪೈಪನ್ನು ಹಾಕಬಾರದು.
- ಒಡೆದ ಉಕ್ಕಿನ ಪೈಪನ್ನು ವೆಲ್ಡಿಂಗ್ ಮಾಡಿಸಬಾರದು. ಅದೇ ಎಂಜಿನ್ ಮಾದರಿಗೆ ತಯಾರಾದ, ಅದೇ ಉದ್ದ ಹಾಗೂ ಒಳ ವ್ಯಾಸದ ಪೈಪನ್ನೇ ಹಾಕಬೇಕು.
- ಎಂಜಿನ್ ಓಡುತ್ತಿರುವಾಗ ಸೋರಿಕೆಯನ್ನು ಕೈಬೆರಳಿನಿಂದ ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಎಂಜಿನ್ ನಿಲ್ಲಿಸಿ, ಪೈಪನ್ನು ಒರೆಸಿ, ನಂತರ ರಟ್ಟಿನ ತುಂಡನ್ನು ದೂರದಿಂದ ಹಿಡಿದು ಪರೀಕ್ಷಿಸಬೇಕು.

8. ಆಯಿಲ್ ಪೈಪು

ಇಂಧನದ ಪೈಪು ಹಾಳಾದರೆ ಎಂಜಿನ್ ನಿಲ್ಲುತ್ತದೆ. ಆಯಿಲ್ ಪೈಪು ಒಡೆದರೆ ಎಂಜಿನ್ ತಕ್ಷಣ ನಿಲ್ಲುವುದಿಲ್ಲ. ಆಯಿಲ್ ಇಲ್ಲದೆ ಓಡಿ ಬೇರಿಂಗ್ ಹಾಗೂ ಪಿಸ್ಟನ್ ಸುಟ್ಟು ಜಾಮ್ ಆದ ಮೇಲೆ ನಿಲ್ಲುತ್ತದೆ. ರಾತ್ರಿ ಪಾಳಿಯಲ್ಲಿ ಪಂಪ್‌ಸೆಟ್ ಚಾಲೂ ಮಾಡಿ ಮಲಗುವ ರೈತರು ಇದನ್ನು ವಿಶೇಷವಾಗಿ ಗಮನಿಸುವುದು.

ಆಯಿಲ್ ಪೈಪು ಆರಂಭದಿಂದಲೇ ಲೋಹದ್ದಾಗಿದ್ದಲ್ಲಿ ಲೋಹದ ಪೈಪನ್ನೇ ಹಾಕಬೇಕು. ಜೋಡಣೆಯ ತಾಮ್ರದ ವಾಷರ್‌ಗಳನ್ನು ಪ್ರತಿ ಬಾರಿಯೂ ಹೊಸದಾಗಿ ಹಾಕುವುದು ಸೂಕ್ತ. ರಬ್ಬರ್ ಪೈಪು ಇದ್ದಲ್ಲಿ ಬಿಸಿ ಆಯಿಲ್ ಹಾಗೂ ಒತ್ತಡ ತಾಳುವ, ಒಳಗೆ ನೂಲು ಅಥವಾ ತಂತಿಯ ಹೆಣಿಗೆಯಿರುವ ಪೈಪನ್ನು ಪಡೆಯಬೇಕು. ಪೆಟ್ರೋಲ್‌ಗೆ ಸೂಕ್ತವಾದ ಪೈಪೆಲ್ಲವೂ ಬಿಸಿ ಆಯಿಲ್‌ಗೆ ಸೂಕ್ತವೆಂದು ಭಾವಿಸಬಾರದು. ಪೈಪಿನ ಮೇಲೆ ಮುದ್ರಿತವಾದ ಉಷ್ಣತೆ ಹಾಗೂ ಒತ್ತಡದ ಮಿತಿಯನ್ನು ಓದಿಕೊಳ್ಳಬೇಕು.

9. ಬದಲಾಯಿಸುವ ಕ್ರಮ

(1) ಎಂಜಿನ್ ಪೂರ್ಣವಾಗಿ ಆರಿದ ನಂತರ, ಬಯಲಿನಲ್ಲಿ ಕೆಲಸ ಮಾಡುವುದು. ಬೀಡಿ, ದೀಪ, ಒಲೆ ಹತ್ತಿರವಿರಬಾರದು. ಪೆಟ್ರೋಲ್ ಆವಿಯು ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪಬಲ್ಲದು.
(2) ಪೆಟ್ರೋಲ್ ಎಂಜಿನ್ ಆದಲ್ಲಿ ಪ್ಲಗ್ಗಿನ ವೈರನ್ನು ಕಳಚುವುದು.
(3) ಕಾಕ್ ಮುಚ್ಚುವುದು. ಟ್ಯಾಂಕಿನ ಇಂಧನವನ್ನು ಮುಚ್ಚಳವಿರುವ ಇಂಧನ ಕ್ಯಾನಿಗೆ ಇಳಿಸುವುದು. ಬಾಯಿಯಿಂದ ಪೈಪು ಎಳೆದು ಇಂಧನ ಇಳಿಸುವ ಅಭ್ಯಾಸವನ್ನು ಕಡ್ಡಾಯವಾಗಿ ಕೈಬಿಡುವುದು.
(4) ಗಟ್ಟಿಯಾದ ಪೈಪನ್ನು ಜಗ್ಗಬಾರದು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದಲ್ಲಿ ನಿಪ್ಪಲ್ ಮುರಿಯುವುದಿಲ್ಲ.
(5) ಹೊಸ ಪೈಪಿನ ತುದಿಯನ್ನು ನೇರವಾಗಿ ಕತ್ತರಿಸುವುದು. ಹಳೆಯದರಷ್ಟೇ ಉದ್ದ, ಅದೇ ಮಾರ್ಗ. ಸೈಲೆನ್ಸರ್‌ನಿಂದ ದೂರವಿರಬೇಕು, ಎಲ್ಲಿಯೂ ಮಡಚಿಕೊಳ್ಳಬಾರದು, ಉಜ್ಜಬಾರದು.
(6) ಕ್ಲಿಪ್ ಹಾಕುವುದು. ಬೈಂಡಿಂಗ್ ತಂತಿ ಪೈಪನ್ನು ಕೊಯ್ಯುವುದರಿಂದ ಅದನ್ನು ಬಳಸಬಾರದು. ತೆಳು ಪೈಪಿಗೆ ಸ್ಪ್ರಿಂಗ್ ಕ್ಲಿಪ್ ಸೂಕ್ತ.
(7) ಫಿಲ್ಟರನ್ನು ಸಹ ಬದಲಾಯಿಸುವುದು.
(8) ಡೀಸೆಲ್ ಎಂಜಿನ್‌ನಲ್ಲಿ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹರಿಸಿ, ನಂತರ ಬಿಗಿ ಮಾಡುವುದು.
(9) ಚೆಲ್ಲಿದ ಇಂಧನವನ್ನು ಒರೆಸಿ, ಒಣಗಿದ ನಂತರವೇ ಎಂಜಿನ್ ಚಾಲೂ ಮಾಡುವುದು. ಸ್ಪ್ರೇಯರ್ ಆದಲ್ಲಿ ಮೊದಲು ನೆಲದ ಮೇಲಿಟ್ಟು ಹತ್ತು ನಿಮಿಷ ಓಡಿಸಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು ನಂತರ ಬೆನ್ನಿಗೇರಿಸುವುದು.

10. ಖರೀದಿ, ರಶೀದಿ ಮತ್ತು ದೂರು

ಎಷ್ಟೇ ಚಿಕ್ಕ ಮೊತ್ತವಾದರೂ ರಶೀದಿ ಪಡೆಯತಕ್ಕದ್ದು. ರಶೀದಿಯಲ್ಲಿ "ಪೈಪು" ಎಂದಷ್ಟೇ ಇರದೆ, ತಯಾರಕರ ಹೆಸರು, ಅಳತೆ ಮತ್ತು ಯಾವ ಇಂಧನಕ್ಕೆ ಎಂಬುದನ್ನು ಬರೆಸಿಕೊಂಡಲ್ಲಿ ಮುಂದೆ ಅದೇ ಸಾಕ್ಷ್ಯವಾಗುತ್ತದೆ. ವಾರಂಟಿ ಅವಧಿಯಲ್ಲಿರುವ ಯಂತ್ರವನ್ನು ಹೊರಗೆ ಬಿಚ್ಚಿಸಿದಲ್ಲಿ ವಾರಂಟಿ ತಪ್ಪುವ ಸಾಧ್ಯತೆ ಇರುವುದರಿಂದ ಮೊದಲು ಅಧಿಕೃತ ಮಾರಾಟಗಾರರನ್ನು ಸಂಪರ್ಕಿಸುವುದು.

ದೋಷಪೂರಿತ ಬಿಡಿಭಾಗದಿಂದ ಹಾನಿಯಾದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ರ ಅಡಿಯಲ್ಲಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗಿದ್ದಲ್ಲಿ ಶುಲ್ಕವಿರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.

11. ಸಹಾಯಧನ ಕುರಿತು

ಕೃಷಿ ಯಾಂತ್ರೀಕರಣ ಯೋಜನೆಯಡಿ ಸಹಾಯಧನವು ಯಂತ್ರದ ಖರೀದಿಗೆ ಸಂಬಂಧಿಸಿದ್ದು, ಬದಲಿ ಪೈಪಿನಂತಹ ಬಿಡಿಭಾಗಗಳಿಗಲ್ಲ. ಯಂತ್ರಕ್ಕಾಗಿ ಅರ್ಜಿ ಸಲ್ಲಿಸುವವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ, ಆಧಾರ್ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳೊಂದಿಗೆ ವಿಚಾರಿಸತಕ್ಕದ್ದು. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು ಜಾತಿ ಪ್ರಮಾಣ ಪತ್ರವನ್ನೂ ಒಯ್ಯುವುದು. ಯಂತ್ರ ಪಡೆಯುವ ದಿನವೇ ಮಾರಾಟಗಾರರಿಂದ ಕೈಪಿಡಿ, ವಾರಂಟಿ ಪತ್ರ ಹಾಗೂ ಒಂದು ಜೊತೆ ಹೆಚ್ಚುವರಿ ಇಂಧನ ಪೈಪು ಪಡೆದಿಟ್ಟುಕೊಂಡಲ್ಲಿ, ಕಡಲೆಗೆ ಕಾಯಿಕೊರಕದ ಹುಳು ಬಿದ್ದು ಸಿಂಪರಣೆಯ ಅವಸರವಿರುವ ದಿನ ಸಲಾಯಿನ್ ಪೈಪು ಹುಡುಕುವ ಪ್ರಸಂಗ ಬರುವುದಿಲ್ಲ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಡೀಸೆಲ್ ಪೈಪನ್ನು ಪೆಟ್ರೋಲ್ ಯಂತ್ರಕ್ಕೆ ಹಾಕಬಹುದೇ?
ಉತ್ತರ: ಪೆಟ್ರೋಲ್ ಹಾಗೂ ಎಥೆನಾಲ್‌ಗೆ ಸೂಕ್ತವೆಂದು ಅದರ ಮೇಲೆ ನಮೂದಾಗಿದ್ದಲ್ಲಿ ಮಾತ್ರ.

ಪ್ರಶ್ನೆ: ಸ್ವಲ್ಪ ದೊಡ್ಡ ಪೈಪು ಹಾಕಿ ಕ್ಲಿಪ್ ಬಿಗಿ ಮಾಡಿದರೆ ಆಗದೇ?
ಉತ್ತರ: ಆಗದು. ಕ್ಲಿಪ್ಪಿನ ಕೆಳಗೆ ಪೈಪು ಸುಕ್ಕುಗಟ್ಟಿ ಅಲ್ಲಿಂದಲೇ ಇಂಧನ ಸೋರುತ್ತದೆ ಅಥವಾ ಗಾಳಿ ಎಳೆಯುತ್ತದೆ.

ಪ್ರಶ್ನೆ: ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕು?
ಉತ್ತರ: ಕೈಪಿಡಿಯಲ್ಲಿ ತಿಳಿಸಿದ ಅವಧಿಯೇ ಪ್ರಮಾಣ. ಅದಲ್ಲದೆ ಪ್ರತಿ ಹಂಗಾಮಿನ ಆರಂಭದಲ್ಲಿ ಪೈಪನ್ನು ಬಾಗಿಸಿ ನೋಡುವುದು.

13. ಅಪಘಾತ ಸಂಭವಿಸಿದಲ್ಲಿ

- ಸ್ಪ್ರೇಯರ್‌ನಲ್ಲಿ ಬೆಂಕಿ ಕಂಡಲ್ಲಿ ಮೊದಲು ಪಟ್ಟಿ ಕಳಚಿ ಯಂತ್ರವನ್ನು ಬಿಟ್ಟು ದೂರ ಸರಿಯುವುದು. ಯಂತ್ರವನ್ನು ಉಳಿಸಲು ಪ್ರಯತ್ನಿಸಬಾರದು. ಪಟ್ಟಿಯನ್ನು ಬೇಗ ಕಳಚುವುದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿರಬೇಕು.
- ಪೆಟ್ರೋಲ್ ಬೆಂಕಿಗೆ ನೀರು ಹಾಕದೆ ಒಣ ಮಣ್ಣು ಅಥವಾ ಮರಳು ಎರಚುವುದು.
- ಸುಟ್ಟ ಗಾಯವನ್ನು ಸುಮಾರು 20 ನಿಮಿಷ ತಣ್ಣೀರಿನ ಕೆಳಗೆ ಹಿಡಿಯುವುದು. ಶಾಯಿ, ಟೂತ್‌ಪೇಸ್ಟ್, ಎಣ್ಣೆ ಹಚ್ಚಬಾರದು.
- ಪೆಟ್ರೋಲ್ ನುಂಗಿದವರಿಗೆ ವಾಂತಿ ಮಾಡಿಸಬಾರದು. ಕೂಡಲೇ ಆಸ್ಪತ್ರೆಗೆ ಸಾಗಿಸುವುದು.
- ಅಧಿಕ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕಿದಲ್ಲಿ, ಗಾಯ ಚುಕ್ಕೆಯಷ್ಟಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒತ್ತಡದಿಂದ ಆದದ್ದೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸುವುದು. ಬೆರಳನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

ತುರ್ತು ಸೇವೆ: 112. ಆಂಬ್ಯುಲೆನ್ಸ್: 108. ಕಿಸಾನ್ ಕಾಲ್ ಸೆಂಟರ್: 1800-180-1551.

ಒಂದು ಅಡಿ ಒಳ್ಳೆಯ ಪೈಪಿನ ಬೆಲೆಯನ್ನು ಒಂದು ದಿನದ ಸಿಂಪರಣೆಯ ನಷ್ಟದೊಂದಿಗೆ, ಒಂದು ಸುಟ್ಟ ಗಾಯದ ಚಿಕಿತ್ಸೆಯ ಖರ್ಚಿನೊಂದಿಗೆ ಹೋಲಿಸಿ ನೋಡಿದಲ್ಲಿ ಯಾವುದು ಉಳಿತಾಯ ಎಂಬುದು ತಾನಾಗಿಯೇ ತಿಳಿಯುತ್ತದೆ. ರೈತ ಬಾಂಧವರು ಹಾಗೂ ಯಂತ್ರಗಳನ್ನು ಬಾಡಿಗೆಗೆ ನೀಡುವವರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.